ಡಕ್ಟ್ ಕ್ಲೀನ್ ಮಾಡಿಸುವುದು ಯಾವಾಗ?

ಎಂಬತ್ತರ ದಶಕದಲ್ಲಿ ನಾನು ಬಹರೈನ್‌ನ ಸಲ್ಮಾಬಾದಿನಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದೆ. ಊರಿನವರು ಮೀನಿನ ಮಾರ್ಕೆಟಿನಲ್ಲಿ ಸಿಕ್ಕರೂ ಕೇಳುವುದು ಒಂದೇ: "ಮನೆಯ ಡಕ್ಟ್ ಯಾವಾಗ ಕ್ಲೀನ್ ಮಾಡಿಸಬೇಕು ಮಾರಾಯ್ರೆ?" ಡಕ್ಟ್ ಎಂದರೆ ಸೀಲಿಂಗಿನ ಮೇಲೆ ಕೋಣೆಯಿಂದ ಕೋಣೆಗೆ ತಂಪು ಗಾಳಿ ಒಯ್ಯುವ ತಗಡಿನ ಕೊಳವೆ. ಉತ್ತರವೇನೋ ಸುಲಭ. ಆದರೆ ಅದನ್ನು ಹಿಡಿದುಕೊಂಡು ಯಾರ ಮನೆಗೆ ಹೋದರೂ ಏನಾದರೊಂದು ಆಗಿಯೇ ಆಗುತ್ತಿತ್ತು.

ಬಿಳಿ ಬಟ್ಟೆ

ಬ್ಯಾಂಕಿನಲ್ಲಿದ್ದ ಮಂಗಳೂರಿನವರೊಬ್ಬರಿಗೆ ಹೇಳಿದೆ, "ಗಾಳಿ ಬರುವ ಜಾಲರಿಗೆ ಬಿಳಿ ಬಟ್ಟೆ ಕಟ್ಟಿ. ಬೇಗ ಕಪ್ಪಾದರೆ ನನ್ನನ್ನು ಕರೆಯಿರಿ."

ಕರೆಯಲೇ ಇಲ್ಲ. ಸಿಕ್ಕಾಗ ಕೇಳಿದರೆ, "ಬಟ್ಟೆ ಹಾಲಿನ ಹಾಗೆ ಉಂಟು!" ಎಂದರು. ಆಗಷ್ಟೇ ದೊಡ್ಡ ಮರಳುಗಾಳಿ ಬೀಸಿ ಹೋಗಿತ್ತು. ನಂಬಿಕೆ ಬರದೆ ಮನೆಗೇ ಹೋದೆ. ನಿಜ, ಬೆಳ್ಳಗಿತ್ತು.

ಚಹಾ ತಂದ ಅವರ ಹೆಂಡತಿ ಹೇಳಿದರು, "ತುಂಬ ಕೊಳೆ ಆಗ್ತದೆ. ಬಂದವರು ಎಂತ ಅಂದುಕೊಂಡಾರು? ಅದಕ್ಕೇ ದಿನಾ ಒಗೆದು ಕಟ್ತೇನೆ."

ಸೀನು

ನರ್ಸ್ ಒಬ್ಬರ ಗಂಡನಿಗೆ ಆಫೀಸಿನಲ್ಲಿ ಆರಾಮ, ಮನೆಗೆ ಕಾಲಿಟ್ಟರೆ ಸೀನು. "ಡಕ್ಟಿನ ಧೂಳು" ಎಂದು ಗಂಡನೇ ನಮ್ಮನ್ನು ಕರೆಸಿದರು. ಇಡೀ ದಿನ ಉಜ್ಜಿದೆವು. ಸಂಜೆ ಅವರು ಬಂದು ಸೋಫಾದಲ್ಲಿ ಕೂತರು, ಸೀನಿದರು. ಪಕ್ಕದಲ್ಲಿ ನಿಂತಿದ್ದ ನಾನೂ ಸೀನಿದೆ. ತಿರುಗಿ ನೋಡಿದರೆ, ಊರಿನಿಂದ ಬಂದಿದ್ದ ಅವರ ಅತ್ತೆ ನಶ್ಯದ ಡಬ್ಬಿ ಮುಚ್ಚುತ್ತಿದ್ದಾರೆ!

ಬಾಗಿಲವರೆಗೆ ಬಂದ ಅಳಿಯ ಮೆಲ್ಲನೆ ಹೇಳಿದರು, "ನನಗೆ ಗೊತ್ತಿತ್ತು. ಆದರೆ ಡಕ್ಟಿನ ಮೇಲೆ ದೂರು ಹೇಳಿದರೆ ಮನೆಯಲ್ಲಿ ಯಾರಿಗೂ ಬೇಜಾರಾಗುವುದಿಲ್ಲ."

ಅಜ್ಜನ ಕೋಣೆ

ಅರಾದ್ ಎಂಬಲ್ಲಿ ಬ್ಯಾರಿ ವ್ಯಾಪಾರಿಯೊಬ್ಬರ ಎರಡು ಅಂತಸ್ತಿನ ಮನೆ. ಮೇಲಿನ ಕೋಣೆಯಲ್ಲಿ ಅವರ ವಯಸ್ಸಾದ ತಂದೆ. "ನನಗೆ ಗಾಳಿಯೇ ಬರುವುದಿಲ್ಲ" ಎಂದು ಅಜ್ಜನ ಗೋಳು. "ಮುಂದಿನ ವರ್ಷ ಮಾಡಿಸುವ" ಎಂದು ಮಗ. ಕೊನೆಗೆ ಪಾಪ ಅನಿಸಿ ಸೊಸೆಯೇ ಹಟ ಹಿಡಿದು ನಮ್ಮನ್ನು ಕರೆಸಿದಳು.

ಕೆಳಗಿನ ಅಡುಗೆಮನೆಗೂ ಅಜ್ಜನ ಕೋಣೆಗೂ ಒಂದೇ ಕೊಳವೆ. ಒಳಗೆ ಮನೆ ಕಟ್ಟುವಾಗ ಬಿದ್ದ ಗಾರೆ, ಅದರ ಮೇಲೆ ಮರಳು. ಎಲ್ಲ ತೆಗೆದೆವು. ಗಾಳಿ ಭರ್ರೆಂದು ಬಂತು. "ಮಾಶಾ ಅಲ್ಲಾಹ್! ನಿನ್ನ ಕೈ ತಣ್ಣಗಿರಲಿ" ಎಂದು ಅಜ್ಜ ನನ್ನ ತಲೆ ಸವರಿದರು.

ಮರುದಿನ ಸೊಸೆಯ ಫೋನ್ ಬಂತು. ದನಿ ಪಿಸುಪಿಸು.

"ಅಣ್ಣಾ, ಪಕ್ಕದ ಮನೆಯಿಂದ ಮಾತಾಡ್ತಿದ್ದೇನೆ."

"ಯಾಕೆ, ಗಾಳಿ ಬರ್ತಾ ಇಲ್ವಾ?"

"ಗಾಳಿ ಬರ್ತದೆ. ಅದರ ಜೊತೆ ನಾನು ಅಡುಗೆಮನೆಯಲ್ಲಿ ಆಡಿದ ಮಾತೂ ಹೋಗ್ತದೆ! ಇವತ್ತು ಊಟಕ್ಕೆ ಕೂತ ಮಾವ ನನ್ನ ಒಂದೊಂದು ಮಾತಿಗೂ ಉತ್ತರ ಕೊಟ್ಟರು."

ಆಮೇಲೆ ಆಕೆ ಕೇಳಿದಳು, "ಆ ಕೊಳವೆ ಮತ್ತೆ ಕಟ್ಟಿಕೊಳ್ಳಲಿಕ್ಕೆ ಎಷ್ಟು ಸಮಯ ಬೇಕು?"