ಕತ್ತರಿ ಮೇಜಿನ ಪರೀಕ್ಷೆ

ಇಯರ್‌ಫೋನ್ ಕೆಟ್ಟದ್ದೇ ಎಲ್ಲಕ್ಕೂ ಮೂಲ. ಹೊಲಿಗೆ ಕಾರ್ಖಾನೆಯ ಸಂಕೋಚದ ಹುಡುಗಿ, ಎಲ್ಲರ ಬಾಯಲ್ಲಿ ಬೆಕ್ಕಿನಮರಿ, ಫೋನಿನ ಎಐ ಜೊತೆ ಬಟ್ಟೆ ಕತ್ತರಿಸುವ ವಿದ್ಯೆ ಕಲಿಯುತ್ತಿದ್ದಳು. ಅಂದು ಸಂಜೆಯೇ ಪರೀಕ್ಷೆ. ಗೆದ್ದರೆ ಕತ್ತರಿ ಮೇಜಿನ ಕೆಲಸ, ಸೋತರೆ ಮತ್ತದೇ ಗುಂಡಿತೂತು ಹೊಲಿಯುವ ಕಾಜಾ ಕೆಲಸ. ಹಾಗಾಗಿ ಫೋನು ಜೋರಾಗಿಯೇ ಮಾತಾಡಬೇಕಾಯಿತು.

"ಹೊಸ ಹತ್ತಿ ಬಟ್ಟೆ ಕತ್ತರಿಸುವ ಮೊದಲು ಏನು ಮಾಡಬೇಕು?"

ಗುಂಡಿ ಹೊಲಿಯುವ ಅಕ್ಕ ಬೆಚ್ಚಿಬಿದ್ದಳು. "ಇದೇನೇ, ನಿನ್ನನ್ನೇ ಕೇಳ್ತಿದೆ? ಅದಕ್ಕೇ ಗೊತ್ತಿಲ್ವಾ?"

"ಗೊತ್ತಕ್ಕ. ಉತ್ತರ ಹೇಳ್ಬೇಡ, ಪ್ರಶ್ನೆ ಕೇಳು ಅಂದಿದೀನಿ. ಅದೇ ಹೇಳ್ಬಿಟ್ರೆ ನಾನೇನು ಕಲಿತ ಹಾಗಾಯ್ತು?"

"ಬಡಿಸಿದ ಎಲೆ ಬಿಟ್ಟು ಒಲೆ ಊದ್ತಾಳಲ್ಲಪ್ಪ ಇವಳು!"

ಅಷ್ಟರಲ್ಲಿ ಹೊಲಿಗೆ ಸಾಲಿಗೇ ಹಿರಿಯಳಾದ ಇಸ್ತ್ರಿ ಅತ್ತೆ, "ನೆನೆಸಿ ಒಣಗಿಸ್ಬೇಕು ಕಣೇ!" ಎಂದು ಕೂಗಿದಳು. ಫೋನು "ಸರಿಯಾದ ಉತ್ತರ" ಎಂದದ್ದೇ ತಡ, ಅತ್ತೆಯ ಮುಖ ಉಬ್ಬಿದ ಪೂರಿಯಾಯಿತು. ಆಮೇಲೆ ಕೇಳಬೇಕೆ? ಪ್ರತಿ ಪ್ರಶ್ನೆಗೂ ಇಡೀ ಸಾಲು ಸಂತೆಯಂತೆ ಕಿತ್ತಾಡಿತು. ಹುಡುಗಿ ಮಾತ್ರ ಒಂದೊಂದನ್ನೂ ಚಿಂದಿಯ ಮೇಲೆ ಮಾಡಿ ನೋಡುತ್ತಿದ್ದಳು.

"ಮಖಮಲ್ಲಿನ ತುಂಡುಗಳನ್ನು ತಲೆಕೆಳಗಾಗಿಯೂ ಇಡಬಹುದು" ಎಂದಿತು ಫೋನು, ಒಂದು ಉತ್ತರವನ್ನು ತಿದ್ದುತ್ತಾ. ಹುಡುಗಿ ಎರಡು ಚಿಂದಿ ಹಾಗೇ ಜೋಡಿಸಿದಳು. ಒಂದು ಮಿನುಗಿತು, ಇನ್ನೊಂದು ಮಂಕು.

"ತಪ್ಪು. ರೋಮ ಒಂದೇ ದಿಕ್ಕಿಗಿರ್ಬೇಕು."

"ಕ್ಷಮಿಸಿ, ನೀವು ಹೇಳಿದ್ದೇ ಸರಿ."

"ಅಬ್ಬಾ, ತಪ್ಪು ಒಪ್ಕೊಳ್ತು!" ಅಕ್ಕ ಬಾಯಿಬಿಟ್ಟಳು. "ನಮ್ಮ ಯಜಮಾನ್ರನ್ನ ಒಂದು ವಾರ ಇದರ ಹತ್ರ ಬಿಡ್ಲಾ?"

ಸಂಜೆ ಕತ್ತರಿ ಮಾಸ್ಟರ್ ಎಲ್ಲರೆದುರು ಪರೀಕ್ಷೆಯ ಪ್ರಶ್ನೆ ಕೇಳಿದರು. ಬೆಕ್ಕಿನಮರಿ ಒಂದೊಂದಕ್ಕೂ ಕಾರಣ ಸಮೇತ ಉತ್ತರಿಸಿದಳು.

"ಇದು ಬಾಯಿಪಾಠ ಅಲ್ಲ, ಕಲಿಕೆ!" ಮಾಸ್ಟರ್ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಫೋನಿನ ಜೊತೆ ಕಲಿಯೋದು ಅಂದ್ರೆ ಹೀಗೆ. ರೂಢಿ ಪ್ರಕಾರ ಕೇಳ್ತೀನಿ, ಬೇರೆ ಯಾರಿಗಾದ್ರೂ ಗೊತ್ತಿದೆಯಾ?"

ಇಡೀ ಸಾಲು ಕೈ ಎತ್ತಿತು. ಮಾಸ್ಟರ್ ಒಬ್ಬೊಬ್ಬರನ್ನೇ ಕೇಳಿದರು. ಒಬ್ಬರೂ ತಪ್ಪಲಿಲ್ಲ. ಎಲ್ಲರೂ ಕಾರಣ ಸಮೇತ!

ಎಲ್ಲರೂ ಸಮವಾದರೆ ಹಿರಿಯರಿಗೆ ಮೇಜು. ಕಾರ್ಖಾನೆಯ ನಿಯಮವೇ ಅದು. ಮಾಸ್ಟರ್ ನಿಟ್ಟುಸಿರಿಟ್ಟು ಇಸ್ತ್ರಿ ಅತ್ತೆಯ ಕೈಗೆ ಕತ್ತರಿ ಕೊಟ್ಟರು.

ಅತ್ತೆ ಬಂದು ಹುಡುಗಿಯ ತಲೆ ಸವರಿದಳು. "ಬೇಜಾರಾಗ್ಬೇಡ ಕಣೇ, ಗುರು ಅಂದ್ರೆ ನೀನೇ. ನಾಳೆ ಕೋಟಿನ ಪಾಠ ಶುರು ಮಾಡು. ಫೋನು ಸ್ವಲ್ಪ ಜೋರಾಗಿಡು, ಇಲ್ಲಾಂದ್ರೆ ನನ್ನ ಕತ್ತರಿ ಮೇಜಿನ ತನಕ ಕೇಳ್ಸಲ್ಲ."