ಹೂವಿನ ಬಟನ್ನೂ ಏಳು ಹರಳಿನ ಓಲೆಯೂ

ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಕೆಲ್ಲಿವಿಲ್ ಬಡಾವಣೆಯಲ್ಲಿ ಇನ್ನೂ ಮನೆ ಮಾಡಿಲ್ಲ. ಹಳೆಯ ಡಿಜಿಟಲ್ ಕ್ಯಾಮೆರಾ ಒಂದನ್ನು ಅರ್ಧ ಬೆಲೆಗೆ ಇಳಿಸಿ, ಮೇಲೆ ಅದರ ಚೀಲವನ್ನೂ ಕಿತ್ತುಕೊಂಡು ಬಂದವನು ನಾನು. ಹೀಗಾಗಿ ಹೆಂಡತಿ ವಸುಧಾಳ ವಜ್ರದೋಲೆಯಿಂದ ಒಂದು ಹರಳು ಉದುರಿದಾಗ ನಾನು ಕಿಂಚಿತ್ತೂ ಅಳುಕಲಿಲ್ಲ.

ಅಳುಕೆಲ್ಲ ಅವಳದು. ಶನಿವಾರ ಮೆಲ್ಬರ್ನ್‌ನಲ್ಲಿ ಅವಳ ತಂಗಿಯ ಮಗಳ ನಿಶ್ಚಿತಾರ್ಥ. ನಮ್ಮ ಮದುವೆಯ ಹತ್ತನೇ ವರ್ಷಕ್ಕೆ ನಾನೇ ಬೆಂಗಳೂರಿನಲ್ಲಿ ಚೌಕಾಸಿ ಮಾಡಿ ಕೊಡಿಸಿದ ಆ ಏಳು ಹರಳಿನ ಓಲೆ ಕಿವಿಯಲ್ಲಿಲ್ಲದೆ ಅವಳು ನಿಶ್ಚಿತಾರ್ಥಕ್ಕೆ ಕಾಲಿಡುವುದಿಲ್ಲವಂತೆ! ಮೆಲ್ಬರ್ನ್‌ನಲ್ಲೇ ಇರುವ ಡ್ಯಾಂಡಿನಾಂಗ್‌ನ ಒಡವೆ ಅಂಗಡಿಯವರು ಫೋನಿನಲ್ಲಿ ದಾರಿ ತೋರಿಸಿದರು: "ಕ್ಲಿಯರ್ ಆಗಿ ಒಂದು ಕ್ಲೋಸ್‌ಅಪ್ ಫೋಟೋ ಕಳಿಸಿ ಸರ್. ನೀವು ಬರೋಷ್ಟರಲ್ಲಿ ಅಂಥದ್ದೇ ಹರಳು ಹುಡುಕಿ ಇಟ್ಟಿರ್ತೀನಿ."

ಕ್ಲೋಸ್‌ಅಪ್ ಎಂದರೆ ಹತ್ತಿರ ಹೋಗುವುದು. ಹೋದೆ. ಲೆನ್ಸು ಓಲೆಗೆ ಮುತ್ತಿಕ್ಕುವಷ್ಟು ಹೋದೆ. ಬಂದದ್ದು ಇಡ್ಲಿ ಹಿಟ್ಟಿನಂಥ ಮಂಜು.

ಬೆಳಕು ಸಾಲದೆಂದು ಓಲೆಯನ್ನು ಫಳಫಳ ಹೊಳೆಯುವ ಸ್ಟೀಲ್ ತಟ್ಟೆಯಲ್ಲಿಟ್ಟೆ. ಈ ಸಲ ಚಿತ್ರ ಅಚ್ಚುಕಟ್ಟಾಗಿ ಬಂತು. ಆದರೆ ತಟ್ಟೆಯಲ್ಲಿ ಪ್ರತಿಫಲಿಸಿದ ನನ್ನ ಮೂಗಿನದು!

"ಓಲೆ ಕಿವಿಗೆ ರೀ, ಮೂಗಿಗಲ್ಲ" ಎಂದಳು ವಸುಧಾ.

ಮಗಳು ನಿಧಿ ಸೋಫಾದಿಂದಲೇ ಕೂಗಿದಳು: "ಅಪ್ಪಾ, ಜಸ್ಟ್ ಪ್ರೆಸ್ ದ ಫ್ಲವರ್ ಬಟನ್!"

ನೋಡಿದೆ. ಹೌದು, ಪುಟ್ಟ ಹೂವಿನ ಗುರುತು. ಹೂವಿನ ಬಟನ್ ಎಂದ ಮೇಲೆ ಹೂವಿಲ್ಲದೆ ಹೇಗೆ ಕೆಲಸ ಮಾಡೀತು? ಹಿತ್ತಲಿನಿಂದ ದಾಸವಾಳ ತಂದು ಪಕ್ಕದಲ್ಲಿಟ್ಟೆ. ಓಲೆ ಉರುಳದಂತೆ ಚಪಾತಿ ಹಿಟ್ಟಿನ ಉಂಡೆಗೆ ಚುಚ್ಚಿದೆ. ಕೈ ನಡುಗದಿರಲು ಕ್ಯಾಮೆರಾವನ್ನು ಬೇಳೆ ಡಬ್ಬಿಯ ಮೇಲೆ ಕೂರಿಸಿ, ಟೈಮರ್ ಒತ್ತಿ ಹಿಂದೆ ಸರಿದೆ.

ಕ್ಯಾಮೆರಾ ಓಲೆಯನ್ನು ಬಿಟ್ಟು ದಾಸವಾಳವನ್ನೇ ಹಿಡಿದಿತ್ತು. ಆದರೆ ಹೇಗೆ ಹಿಡಿದಿತ್ತು ಅಂತೀರಿ! ಪರಾಗದ ಒಂದೊಂದು ಕಣವೂ ಮುಳ್ಳುಮುಳ್ಳಾದ ಬಂಗಾರದ ಚೆಂಡು. ಅದರ ಮೇಲೊಂದು ಇರುವೆ, ಮೀಸೆ ತೀಡುತ್ತಾ ರಾಜನ ಹಾಗೆ ನಿಂತಿತ್ತು. ಇಷ್ಟು ವರ್ಷ ಆ ಗಿಡಕ್ಕೆ ನೀರು ಹಾಕಿದವನು ನಾನು, ನೋಡಿದ್ದು ಅವತ್ತೇ. ವಸುಧಾ ಓಲೆಯನ್ನೇ ಮರೆತು "ಅಯ್ಯೋ, ದೇವರೇ!" ಎಂದಳು.

"ಇಟ್ಸ್ ಮ್ಯಾಕ್ರೋ ಮೋಡ್, ಅಪ್ಪಾ, ಕ್ಲೋಸ್‌ಅಪ್‌ಗೆ. ಹೂವು ಬೇಡ!" ನಿಧಿ ಎದ್ದು ಬಂದು ದಾಸವಾಳವನ್ನು ತೆಗೆದುಕೊಂಡು ಹೋದಳು.

ಕೊನೆಗೂ ಓಲೆಯ ಚಿತ್ರ ಬಂತು! ಕಿಟಕಿಯ ಬೆಳಕಿನಲ್ಲಿ ಒಂದೊಂದು ಹರಳೂ ಒಂದೊಂದು ಅರಮನೆ. ನಡುವಿನ ಹರಳಿನೊಳಗಂತೂ ದುಂಡಗೆ, ಬೆಳ್ಳಗೆ ಒಂದು ಪೂರ್ಣಚಂದ್ರ! ಇಂಥ ವಜ್ರವನ್ನು ಅಷ್ಟು ಕಡಿಮೆ ಬೆಲೆಗೆ ಹೊಡೆದುಕೊಂಡು ಬಂದೆನಲ್ಲ ಎಂದು ನನಗೆ ನಾನೇ ಕೈಮುಗಿಯುವಂತಾಯಿತು. ಚಂದ್ರನನ್ನು ಇನ್ನಷ್ಟು ದೊಡ್ಡದು ಮಾಡಿ ಡ್ಯಾಂಡಿನಾಂಗ್‌ಗೆ ಕಳಿಸಿದೆ.

ಹತ್ತೇ ನಿಮಿಷದಲ್ಲಿ ಫೋನು. ಹೊಗಳಿಕೆ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಸರ್, ಫೋಟೋ ಸೂಪರ್! ಒಳಗಿನ ಗಾಳಿಗುಳ್ಳೆ ಕೂಡ ಎಷ್ಟು ಕ್ಲಿಯರ್ ಆಗಿ ಕಾಣ್ತಿದೆ!"

"ಗಾಳಿಗುಳ್ಳೆ?"

"ವಜ್ರದಲ್ಲಿ ಹಂಗೆ ದುಂಡಗೆ ಗುಳ್ಳೆ ಬರಲ್ಲ ಸರ್. ಇದು ಗಾಜು. ಯೋಚನೆ ಬಿಡಿ, ವಜ್ರ ಆಗಿದ್ರೆ ಹೊಂದಿಸೋದು ಕಷ್ಟ ಇತ್ತು. ಗಾಜು ತಾನೆ, ಬಂದ ತಕ್ಷಣ ಕೂರಿಸಿ ಕೊಡ್ತೀನಿ!"

ನಾನು ತಡವಾಗಿ ಸ್ಪೀಕರ್ ಆರಿಸಿದೆ. ಆಮೇಲೆ ವಸುಧಾ ನಕ್ಕಳು. ಎಷ್ಟು ನಕ್ಕಳೆಂದರೆ, ಬೈದಿದ್ದರೇ ವಾಸಿಯಿತ್ತು.

ಶನಿವಾರ, ಹೊಸ ಗಾಜು ಕೂರಿಸಿದ ಅದೇ ಓಲೆಯನ್ನು ಹಾಕಿಕೊಂಡು ಮೆರೆದಳು. "ಎಷ್ಟು ಚೆನ್ನಾಗಿದೆ ಆಂಟಿ!" ಎಂದು ಯಾರಾದರೂ ಹತ್ತಿರ ಬಗ್ಗಿದರೆ ಸಾಕು, ನಾನು ಮಧ್ಯೆ ಲಾಡಿನ ತಟ್ಟೆ ಹಿಡಿಯುತ್ತಿದ್ದೆ.

ಸಣ್ಣ ವಸ್ತುಗಳ ಫೋಟೋ ತೆಗೆಯುವವರಿಗೆ ಈಗಲೂ ನಾನು ಧಾರಾಳವಾಗಿ ಸಲಹೆ ಕೊಡುತ್ತೇನೆ: ಕಿಟಕಿಯ ಬೆಳಕು, ಅಲುಗದ ಡಬ್ಬಿ, ಹೂವಿನ ಬಟನ್. ಒಡವೆಯ ಫೋಟೋ ಮಾತ್ರ ಕೊಳ್ಳುವ ಮೊದಲೇ ತೆಗೆಯಿರಿ.

ಆ ಪೂರ್ಣಚಂದ್ರನಿಗೆ ವಸುಧಾ ಫ್ರೇಮು ಹಾಕಿಸಿ ಹಾಲ್‌ನ ಗೋಡೆಗೆ ನೇತುಹಾಕಿದ್ದಾಳೆ. ಬಂದವರು ಬೆರಗಾಗಿ, "ಏನಿದು, ಚಂದ್ರನಾ?" ಎಂದು ಕೇಳುತ್ತಾರೆ.

"ಅಲ್ಲ," ಎನ್ನುತ್ತಾಳೆ ಅವಳು, "ಇವರ ಚೌಕಾಸಿ!"