ಎಲೆಯ ತೂತನ್ನೂ ಬಿಡದ ಅತ್ತೆ

ನಮ್ಮ ಸೋದರತ್ತೆಗೆ ತಲೆ ಕೆಟ್ಟಿದೆ ಎಂದು ನಾನು ಹೇಳಿದರೆ ನಂಬಬೇಡಿ. ದಾಂಡೇಲಿಯಲ್ಲಿ ಯಾರನ್ನಾದರೂ ಕೇಳಿ, ಅವರೂ ಅದನ್ನೇ ಹೇಳುತ್ತಾರೆ! ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವಳು. ಈ ಕಡೆಯ ಕಾಡುಗಿಡಗಳ ಚಿತ್ರ ಬರೆದಿಟ್ಟ ಮೊದಲ ಹೆಂಗಸಂತೆ. ಇರಬಹುದು. ಎರಡನೆಯವಳು ಇನ್ನೂ ಹುಟ್ಟಿಲ್ಲ ಎಂದರೆ ಆ ಕೆಲಸ ಎಂಥದ್ದಿರಬೇಕು, ನೀವೇ ಹೇಳಿ.

ಹೂವನ್ನು ಕಿತ್ತು ತಂದು ಫ್ಯಾನಿನ ಕೆಳಗೆ ಕೂತು ಬರೆದರೆ ಆಗದೇ? ಆಗದು! ಗಿಡ ಎಲ್ಲಿ ನಿಂತಿದೆಯೋ ಅಲ್ಲೇ ಇವಳೂ ಕೂರಬೇಕು, ರಕ್ತ ಹೀರುವ ಇಂಬಳ ಹತ್ತಿದರೂ ಸರಿ. ನನ್ನ ಮದುವೆಯ ದಿನ ನಾನು ತಾಳಿ ಕಟ್ಟುವ ಹೊತ್ತಿಗೆ ಅತ್ತೆ ನಾಪತ್ತೆ. ಅವ್ವ ಹುಡುಕಿಕೊಂಡು ಹೋದರೆ, ಹಳಿಯಾಳದ ಕಲ್ಯಾಣ ಮಂಟಪದ ಹಿಂದೆ, ಎಂಜಲೆಲೆ ಎಸೆಯುವ ಜಾಗದಲ್ಲಿ, ರೇಷ್ಮೆ ಸೀರೆ ಉಟ್ಟು ಒಂದು ಕಳೆಗಿಡದ ಮುಂದೆ ಕೂತಿದ್ದಾಳೆ!

"ಅಕ್ಕಾರ, ಅಕ್ಕಿಕಾಳ ಬೀಳೂ ಹೊತ್ತಾತು, ಏಳ್ರಿ!"

"ಸೊಸಿ ನಾಳೆನೂ ಇರ್ತಾಳ. ಈ ಹೂ ಮಧ್ಯಾಹ್ನಕ್ಕ ಬಾಡತೈತಿ."

ಇನ್ನು ಎಲೆಯಲ್ಲಿ ಹುಳ ತಿಂದ ತೂತಿದ್ದರೆ ಚಿತ್ರದಲ್ಲೂ ಆ ತೂತು ಬೇಕೇ ಬೇಕು. ಇವಳ ಚಿತ್ರಗಳ ಪುಸ್ತಕ ಅಚ್ಚು ಹಾಕುವವರು ಫೋನ್ ಮಾಡಿ, "ಮೇಡಂ, ತೂತೊಂದು ಮುಚ್ಚಿ ಕೊಡ್ರಿ, ಚಂದ ಕಾಣತೈತಿ" ಎಂದು ಬೇಡಿಕೊಂಡರು. "ತಿಂದಿದ್ದು ಹುಳ. ನಾ ಯಾಕ ಮುಚ್ಚಲಿ?" ಎಂದು ಫೋನ್ ಇಟ್ಟಳು. ಹುಳದ ಪರ ವಕಾಲತ್ತು ಬೇರೆ!

ಆ ಪುಸ್ತಕಕ್ಕೆ ಒಂದೇ ಚಿತ್ರ ಬಾಕಿ: ಏಳು ವರ್ಷಕ್ಕೊಮ್ಮೆ ಹೂ ಬಿಡುವ ಕಾರ್ವಿಯದು. ಈ ವರ್ಷ ಜೋಯಿಡಾ ಕಡೆಯ ಗುಡ್ಡದಲ್ಲಿ ಅದು ಅರಳಿತು. ಇಲ್ಲಿ ಇವಳ ಕಣ್ಣು ಮಂಜಾಯಿತು. ನರದ ತೊಂದರೆ, ಹೋದ ದೃಷ್ಟಿ ಮರಳುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದರು. ಸುಮ್ಮನೆ ಮನೆಯಲ್ಲಿರಬೇಕೋ ಬೇಡವೋ? "ಗಾಡಿ ತಗಿ, ಹೋಗೂಣು" ಎಂದಳು. ದಾರಿಯುದ್ದಕ್ಕೂ ಬೈದೆ.

"ಹ್ವಾದ ಸಲ ಅರಳಿದಾಗ ಏನ್ ಮಾಡ್ತಿದ್ದಿ? ಕಣ್ಣು ನೆಟ್ಟಗಿದ್ದಾಗ ಬರೀಬೇಕಿತ್ತು!"

"ಆಗ ನಿಮ್ಮಪ್ಪ ಆಸ್ಪತ್ರ್ಯಾಗ ಇದ್ದ. ಅವನ ಹತ್ರ ಕುಂತಿದ್ದೆ."

ಅಪ್ಪನ ಆ ಕೊನೆಯ ತಿಂಗಳು ನಾನು ಊರಲ್ಲಿರಲಿಲ್ಲ. ನಾಚಿಕೆಯಾಯಿತು. ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ ಅವಳ ಕೈ ಹಿಡಿದು ಹತ್ತಿಸಿದೆ.

ಗುಡ್ಡದ ಮೇಲೆ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಸಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಗೆರೆ ಎಳೆದಳು. ಆಮೇಲೆ ಕುಂಚ ಹಿಡಿದು ನನ್ನ ಕಡೆ ತಿರುಗಿದಳು.

"ಬಣ್ಣ ಯಾವುದೋ?"

"ನೀಲಿ."

"ಯಾವ ನೀಲಿ?"

ಜನ್ಮದಲ್ಲಿ ಒಂದು ಹೂವನ್ನೂ ನೆಟ್ಟಗೆ ನೋಡದವನು ನಾನು. ಕೆಸರಿನಲ್ಲಿ ಮೊಣಕಾಲೂರಿದೆ.

"ತಡಿ ಅತ್ತಿ, ಸರಿಯಾಗಿ ನೋಡಿ ಹೇಳ್ತೇನಿ."